ಬ್ರೇಕ್ ಇನ್‌ಸ್ಪೆಕ್ಟರ್ ತುಂಬಿದ ಕ್ಯಾರವಾನ್

ಇಂಗ್ಲೆಂಡಿಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಅರಮನೆ ನೋಡಿದಿರಾ, ಮ್ಯೂಸಿಯಂ ನೋಡಿದಿರಾ ಎಂದು. ನಾನು ಎರಡನ್ನೂ ನೋಡಲಿಲ್ಲ. ಆ ದೇಶದಲ್ಲಿ ನಾನು ಅತಿ ಹತ್ತಿರದಿಂದ ನೋಡಿದ್ದು ಒಂದು ಪಿಕಪ್ ಟ್ರಕ್ಕಿನ ಹೊಟ್ಟೆಯನ್ನು. ಅದೂ ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿ, ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು. ಅರವತ್ತೆರಡನೆಯ ವಯಸ್ಸಿನಲ್ಲಿ ಹೀಗೆ ಮಲಗಿದ್ದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಪಶ್ಚಾತ್ತಾಪ ಬೇರೆ ಒಂದಕ್ಕೆ ಇದೆ, ಅದನ್ನೂ ಹೇಳುತ್ತೇನೆ.

ನಾನು ಮೋಟಾರು ವಾಹನ ನಿರೀಕ್ಷಕಿಯಾಗಿ ನಿವೃತ್ತಳಾದವಳು. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಊರು ದಾವಣಗೆರೆ, ಹೆಸರು ಶಮೀಮುನ್ನೀಸಾ. ಮನೆಯಲ್ಲಿ ನಾವು ಮಾತಾಡುವುದು ದಖ್ಖನಿ. ಆದರೆ ಮೂವತ್ತು ವರ್ಷ ಲಾರಿಯವರೊಂದಿಗೆ, ಟ್ರ್ಯಾಕ್ಟರಿನವರೊಂದಿಗೆ ಗುದ್ದಾಡಿದ್ದು ಕನ್ನಡದಲ್ಲಾದ್ದರಿಂದ ನನಗೆ ಸಿಟ್ಟು ಬರುವುದು ಕನ್ನಡದಲ್ಲಿ. ಈ ಪ್ರವಾಸದಲ್ಲಿ ನಡೆದ ಮಾತೆಲ್ಲ ಹೆಚ್ಚುಕಡಿಮೆ ಸಿಟ್ಟಿನ ಮಾತೇ. ಹಾಗಾಗಿ ಅನುವಾದದ ತೊಂದರೆ ಇಲ್ಲ.

ಲಫ್‌ಬರೋ

ನನ್ನ ತಂಗಿ ನಸ್ರೀನ್ ಲಫ್‌ಬರೋದಲ್ಲಿ ಜಿಪಿ. ನಮ್ಮ ಕಡೆ ಫ್ಯಾಮಿಲಿ ಡಾಕ್ಟರ್ ಎನ್ನುತ್ತೇವಲ್ಲ, ಅದು. ಅವಳ ಗಂಡ ಇಮ್ತಿಯಾಜ್ ಮೈಸೂರಿನವನು, ಅಲ್ಲಿನ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತಾನೆ. ಒಳ್ಳೆಯ ಮನುಷ್ಯ, ತನಗೆ ಗೊತ್ತಿಲ್ಲದ ವಿಷಯ ಒಂದಾದರೂ ಇರಬಹುದು ಎಂಬ ಅನುಮಾನ ಮಾತ್ರ ಅವನಿಗೆ ಇನ್ನೂ ಬಂದಿಲ್ಲ. ನನಗೂ ಆ ಅನುಮಾನ ಬಂದದ್ದು ಈ ಪ್ರವಾಸದಲ್ಲೇ.

ಮನೆಯ ಮುಂದೆ ಎರಡು ವಾಹನ. ಒಂದು ಇಮ್ತಿಯಾಜನ ಪಿಕಪ್ ಟ್ರಕ್. ಇನ್ನೊಂದು ನಸ್ರೀನಳ ಕ್ಯಾರವಾನ್. ಕ್ಯಾರವಾನ್ ಎಂದರೆ ಗಾಡಿಯ ಹಿಂದಿನ ಹುಕ್ಕಿಗೆ ಸಿಕ್ಕಿಸಿ ಎಳೆದೊಯ್ಯುವ ಮನೆ. ನಡುವೆ ಒಂದೇ ಆಕ್ಸಲ್, ಎರಡು ಚಕ್ರ. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇದೆ. ಈ ದೇಶದ ಜನ ಬಿಸಿನೀರು ಬರುವ ಒಳ್ಳೆಯ ಮನೆಗೆ ಬೀಗ ಹಾಕಿ, ಇದನ್ನು ಎಳೆದುಕೊಂಡು ಯಾರದೋ ಹೊಲಕ್ಕೆ ಹೋಗಿ, ಅಲ್ಲಿ ನಲ್ಲಿಯ ಮುಂದೆ ಸಾಲಾಗಿ ನಿಂತು ಪಾತ್ರೆ ತೊಳೆದು ಸಂತೋಷಪಡುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದರೆ ಮನೆಯವರಿಗೆ ಏನೋ ಕಷ್ಟ ಬಂದಿದೆ ಎಂದು ನೆಂಟರು ನೋಡಲು ಬರುತ್ತಾರೆ.

ನಸ್ರೀನ್ ಅದನ್ನು ಗಂಡನನ್ನು ಕೇಳದೆ ಕೊಂಡಿದ್ದಳು. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಗೆ ಹತ್ತು ನಿಮಿಷದಂತೆ ಇಪ್ಪತ್ತು ವರ್ಷ ಕೂತವಳು. ವಾರಕ್ಕೆ ಎರಡು ದಿನವಾದರೂ ತನಗೆ ಬೇಕಾದ ಕಡೆ ಕಿಟಕಿ ತೆರೆಯುವ ಮನೆಯೊಂದು ಬೇಕಿತ್ತು ಎಂದು ನನಗೆ ಹೇಳಿದಳು. ನನಗೆ ತಟ್ಟನೆ ಅರ್ಥವಾಯಿತು. ಇಮ್ತಿಯಾಜನಿಗೆ ಅರ್ಥವಾಗಲಿಲ್ಲ. ಇಷ್ಟು ದೊಡ್ಡ ವಸ್ತುವನ್ನು ಹೆಂಗಸರು ಎಳೆಯುವುದು ಕಷ್ಟ ಎಂದು ಮೊದಲ ದಿನದಿಂದ ಅವನು ರಾಗ ಎಳೆಯುತ್ತಿದ್ದ.

ನಾನು ಹೋದ ವಾರವೇ ಒಂದು ಪಣ ತೀರ್ಮಾನವಾಯಿತು. ಸಾಲ್ಫರ್ಡಿನಲ್ಲಿ ಇಮ್ತಿಯಾಜನ ಗೆಳೆಯ ಸಲೀಂ ಹೊಸ ಮನೆ ಕೊಂಡಿದ್ದ, ಭಾನುವಾರ ದಾವತ್ ಇಟ್ಟಿದ್ದ. ಬಿರಿಯಾನಿಯ ಹೊಣೆ ನಮ್ಮದು. ಶುಕ್ರವಾರ ಹೊರಟು, ಹಡರ್ಸ್‌ಫೀಲ್ಡ್ ಹತ್ತಿರ ಎರಡು ದಿನ ತಂಗಿ, ಗುಡ್ಡ ದಾಟಿ ಸಾಲ್ಫರ್ಡ್ ಸೇರುವುದು. ಪೂರಾ ದಾರಿ ನಸ್ರೀನ್ ಓಡಿಸಬೇಕು. ಏನೂ ಎಡವಟ್ಟಾಗದಿದ್ದರೆ ಕ್ಯಾರವಾನ್ ಅವಳದು, ಮತ್ತೆ ಅದರ ಮಾತೆತ್ತುವಂತಿಲ್ಲ. ಎಡವಟ್ಟಾದರೆ ಅಲ್ಲೇ ಸಲೀಮನಿಗೆ ಮಾರಿ ಬರುವುದು, ಅವನಿಗೆ ಬೇಕಂತೆ. ನಸ್ರೀನ್ ಹೂಂ ಅಂದುಬಿಟ್ಟಳು. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಪಣ ಎಂದರೆ ಮೊದಲು ಹೂಂ, ಆಮೇಲೆ ಯೋಚನೆ.

ಅಡುಗೆ ಸಾಮಾನು ತುಂಬುವುದನ್ನು ನಾನೇ ವಹಿಸಿಕೊಂಡೆ. ನಮ್ಮ ಅಮ್ಮಿಯ ತಾಮ್ರದ ದೇಗ್ಚಿ ನಸ್ರೀನಳ ಮನೆಯಲ್ಲಿತ್ತು. ಅಮ್ಮಿ ಮಸಾಲೆ ಅರೆಯುತ್ತಿದ್ದ ಕಲ್ಲೂ ಅಲ್ಲೇ ಇತ್ತು, ವರ್ಷಗಳ ಹಿಂದೆ ಮನೆಸಾಮಾನಿನ ಜೊತೆ ಹಡಗಿನಲ್ಲಿ ಬಂದದ್ದು. ದಾವತಿನ ಬಿರಿಯಾನಿಗೆ ಮಿಕ್ಸಿಯ ಮಸಾಲೆ ಹಾಕಿದರೆ ಅಮ್ಮಿಯ ಆತ್ಮ ದಾವಣಗೆರೆಯಿಂದ ನಡೆದು ಬಂದೀತು ಎಂದು ಇಬ್ಬರೂ ನಂಬಿದ್ದೇವೆ. ಆ ಕ್ಯಾರವಾನಿನ ಅಡುಗೆಮನೆ ಇದ್ದದ್ದು ತೀರಾ ಹಿಂಭಾಗದಲ್ಲಿ. ಅಡುಗೆ ಸಾಮಾನು ಅಡುಗೆಮನೆಯಲ್ಲೇ ಇರಬೇಕು ಎಂಬುದು ನನ್ನ ಶಿಸ್ತು. ಕಲ್ಲನ್ನು ಕೆಳಗಿನ ಕಪಾಟಿನಲ್ಲಿಟ್ಟೆ, ಪಕ್ಕಕ್ಕೆ ದೇಗ್ಚಿ, ಅದರೊಳಗೆ ಅಕ್ಕಿಯ ಚೀಲ, ಅಂಚಿಗೆ ಎಣ್ಣೆ ಡಬ್ಬಿ, ಎರಡು ಕ್ಯಾನು ನೀರು. ಅಚ್ಚುಕಟ್ಟಾಗಿ ಬಟ್ಟೆ ತುರುಕಿ ಅಲುಗಾಡದಂತೆ ಮಾಡಿದೆ.

ಹೊರಡುವ ಬೆಳಿಗ್ಗೆ ಇಮ್ತಿಯಾಜ್ ಫೋನಿನಲ್ಲಿ ಪಟ್ಟಿ ಹಿಡಿದುಕೊಂಡು ಒಂದೊಂದೇ ನೋಡಿದ. ಅವನ ಹಿಂದೆ ನಾನೂ ನೋಡಿದೆ, ರಕ್ತದಲ್ಲಿದೆ. ಟೈರಿನ ಗಾಳಿ, ಬ್ರೇಕ್ ದೀಪ, ಉದ್ದ ಚಾಚಿದ ಕನ್ನಡಿಗಳು, ಹುಕ್ಕು ಕಳಚಿದರೆ ಕ್ಯಾರವಾನಿನ ಬ್ರೇಕನ್ನು ತಾನೇ ಎಳೆಯುವ ತಂತಿ. ಎಲ್ಲ ಸರಿಯಿತ್ತು. ಒಳಗೆ ನೋಡುವ ಅಗತ್ಯ ನನಗೆ ಕಾಣಲಿಲ್ಲ, ತುಂಬಿದವಳು ನಾನೇ.

ನಸ್ರೀನ್ ಗಾಡಿ ಬಿಟ್ಟಳು. ಹೊರಡುವಾಗ ಕೆಳಗಿನಿಂದ ಟಕ್ ಎಂದು ಒಂದು ಸದ್ದು ಬಂತು. ಕ್ಲಚ್ ನಿಧಾನಕ್ಕೆ ಬಿಡಬೇಕು ಎಂದು ಇಮ್ತಿಯಾಜ್ ಪಕ್ಕದ ಸೀಟಿನಿಂದ ಪಾಠ ಶುರುಮಾಡಿದ. ಬೀದಿ ಮುಗಿಯುವುದರೊಳಗೆ ಮೂರು ಸಲ ಹೇಳಿದ.

ಎಂ ಒನ್ ಹೆದ್ದಾರಿ, ಎಡಗಡೆಯ ಲೇನು

ಇಲ್ಲಿ ಕ್ಯಾರವಾನ್ ಎಳೆಯುವವರು ಗಂಟೆಗೆ ಅರವತ್ತು ಮೈಲಿ ಮೀರುವಂತಿಲ್ಲ, ಮೂರು ಲೇನಿನ ರಸ್ತೆಯಲ್ಲಿ ಬಲತುದಿಯ ಲೇನಿಗೆ ಹೋಗುವಂತಿಲ್ಲ. ಆಶ್ಚರ್ಯ ಏನೆಂದರೆ ಪೊಲೀಸರು ಕಾಣದಿದ್ದರೂ ಹೆಚ್ಚಿನವರು ಹೋಗುವುದಿಲ್ಲ. ಹಾರ್ನ್ ಕೇಳದೆ ನನಗೆ ಒಂದು ಗಂಟೆಯಲ್ಲೇ ಕಿವಿ ಖಾಲಿಯಾದಂತಾಯಿತು. ನಮ್ಮ ಹೈವೇಯಲ್ಲಿ ಹಾರ್ನ್ ಎಂದರೆ ನಾನು ಇಲ್ಲಿದ್ದೇನೆ ಎಂದು ತಿಳಿಸುವುದು. ಇಲ್ಲಿ ಹಾರ್ನ್ ಎಂದರೆ ನಿನಗೆ ಬುದ್ಧಿ ಇಲ್ಲ ಎಂದು ತಿಳಿಸುವುದು.

ಒಂದು ಉದ್ದನೆಯ ಇಳಿಜಾರಿನಲ್ಲಿ ಭಾರೀ ಲಾರಿಯೊಂದು ನಮ್ಮನ್ನು ದಾಟಿತು. ಅದರ ಗಾಳಿ ಬಡಿದದ್ದೇ ತಡ, ನಮ್ಮ ಹಿಂದಿನ ಮನೆ ಬಾಲ ಬೀಸತೊಡಗಿತು. ಮೊದಲು ಒಂದಡಿ ಎಡಕ್ಕೆ, ಒಂದಡಿ ಬಲಕ್ಕೆ. ಆಮೇಲೆ ಹೆಚ್ಚಾಗುತ್ತ ಹೋಯಿತು. ಅದು ಬಾಲ ಬೀಸಿದಂತೆಲ್ಲ ಟ್ರಕ್ಕಿನ ಹಿಂಭಾಗವೂ ಅದರ ಜೊತೆ ಹೋಗುತ್ತಿತ್ತು. ಕನ್ನಡಿಯಲ್ಲಿ ಒಮ್ಮೆ ಕ್ಯಾರವಾನಿನ ಎಡಗೋಡೆ, ಒಮ್ಮೆ ಬಲಗೋಡೆ ಪೂರ್ತಿ ಕಾಣುತ್ತಿತ್ತು. 

ಇಮ್ತಿಯಾಜ್ ಬ್ರೇಕ್ ಎಂದು ಕೂಗಿದ. ನಾನೂ ಕೂಗಿದೆ. ಹಾಗೆ ಕೂಗಬಾರದು ಎಂದು ಗೊತ್ತಿದ್ದ ಬ್ರೇಕ್ ಇನ್‌ಸ್ಪೆಕ್ಟರ್ ನಾನು.

ನಸ್ರೀನ್ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದಳು, ಸ್ಟೀರಿಂಗನ್ನು ನೇರವಾಗಿ ಹಿಡಿದಳು, ಬಾಲದ ಹಿಂದೆ ಬಿದ್ದು ತಿರುಗಿಸಲು ಹೋಗಲಿಲ್ಲ. ವೇಗ ತಾನಾಗಿ ಇಳಿಯಿತು, ಬೀಸುವುದೂ ನಿಧಾನವಾಗಿ ಕಡಿಮೆಯಾಗಿ ನಿಂತಿತು. ಆಗ ಬ್ರೇಕ್ ಒತ್ತಿದ್ದರೆ ಹಿಂದಿನ ಮನೆ ಮುಂದಿನ ಗಾಡಿಯನ್ನು ಅಡ್ಡ ತಳ್ಳಿ ಮೂರೂ ಲೇನಿಗೆ ಮಲಗಿಸುತ್ತಿತ್ತು. ಇದನ್ನು ನಾನು ಆಮೇಲೆ ಸಮಾಧಾನವಾಗಿ ಕೂತು ಹೇಳುತ್ತಿದ್ದೇನೆ, ಆ ಗಳಿಗೆಯಲ್ಲಿ ನನ್ನ ಬಾಯಲ್ಲಿದ್ದದ್ದು ಸಾಯುವ ಮುನ್ನ ಹೇಳುವ ಕಲ್ಮಾ.

ಮುಂದಿನ ಸರ್ವಿಸಸ್‌ನಲ್ಲಿ ನಿಲ್ಲಿಸಿದೆವು. ಹೆದ್ದಾರಿಯ ಪಕ್ಕ ಊಟ, ಪೆಟ್ರೋಲು, ಶೌಚಾಲಯ ಎಲ್ಲ ಒಂದೇ ಕಡೆ ಇರುವ ಜಾಗ ಅದು. ನಸ್ರೀನ್ ಟೀ ಲೋಟ ಹಿಡಿದು ಕೂತಳು. ಇಮ್ತಿಯಾಜ್ ಬೆಳ್ಳಗಾಗಿದ್ದ, ಹೆದರಿಕೆ ಇಳಿದಂತೆ ಅವನ ಮಾತು ಏರಿತು. ವೇಗ ಹೆಚ್ಚಿತ್ತು, ಲಾರಿ ಬರುವಾಗ ಜಾಗ ಬಿಡಲಿಲ್ಲ, ಮೊದಲಿಂದಲೂ ಕ್ಲಚ್ ಸರಿ ಬಿಡುತ್ತಿಲ್ಲ, ಗಾಡಿ ಟಕ್ ಟಕ್ ಅನ್ನುತ್ತಲೇ ಇದೆ ಎಂದು ಪಟ್ಟಿ ಓದಿದ.

"ಎಡವಟ್ಟಾಯ್ತಲ್ಲ. ಸಲೀಂಗೆ ಹೇಳ್ಬಿಡ್ತೀನಿ, ಭಾನುವಾರ ಅಲ್ಲೇ ಬಿಟ್ಟು ಬರೋಣ" ಎಂದ.

"ನಾನು ಮಾಡಿದ್ರಲ್ಲಿ ತಪ್ಪು ಏನಿತ್ತು, ಅದೊಂದು ಹೇಳು" ಎಂದು ನಸ್ರೀನ್ ಕೇಳಿದಳು. ಆಮೇಲೆ ನನ್ನ ಕಡೆ ನೋಡಿದಳು.

 ಅವಳ ತಪ್ಪಲ್ಲ ಎಂದು ನನ್ನ ಒಳಗೆ ಗೊತ್ತಿತ್ತು, ಯಾರದೆಂದು ಗೊತ್ತಿರಲಿಲ್ಲ. ಕಾರಣ ತಿಳಿಯದೆ ವರದಿ ಹೇಳುವ ಅಭ್ಯಾಸ ನನಗಿಲ್ಲ. ಅಲ್ಲಿಂದ ಮುಂದೆ ಲಾರಿಗಳೂ ನಮ್ಮನ್ನು ಕನಿಕರದಿಂದ ದಾಟಿಹೋಗುವಷ್ಟು ನಿಧಾನವಾಗಿ ಹೋದೆವು.

ಹಡರ್ಸ್‌ಫೀಲ್ಡ್ ಹತ್ತಿರದ ಹೊಲ

ಕ್ಯಾರವಾನುಗಳು ತಂಗುವ ಆ ಹೊಲದಲ್ಲಿ ಒಂದು ವಿಚಿತ್ರ ಪದ್ಧತಿ ನೋಡಿದೆ. ಹೊಸಬರು ಬಂದರೆ ಮೊದಲೇ ಬಂದವರೆಲ್ಲ ಮಡಿಸುವ ಕುರ್ಚಿ ತಂದು ಹೊರಗೆ ಕೂರುತ್ತಾರೆ, ಕೈಯಲ್ಲಿ ಟೀ. ಹೊಸಬರು ಕ್ಯಾರವಾನನ್ನು ರಿವರ್ಸ್ ತೆಗೆದು ತಮ್ಮ ಜಾಗಕ್ಕೆ ಕೂರಿಸುವುದನ್ನು ನೋಡುತ್ತಾರೆ. ಯಾರೂ ನಗುವುದಿಲ್ಲ, ಯಾರೂ ಹೇಳಿಕೊಡುವುದಿಲ್ಲ. ಸದ್ದಿಲ್ಲದ ಆ ನೋಟಕ್ಕಿಂತ ನಮ್ಮೂರಿನ ಹತ್ತು ಜನರ ಪುಕ್ಕಟೆ ಸಲಹೆಯೇ ವಾಸಿ.

ನಮ್ಮ ಸರದಿ ಬಂತು. ನಾನು ಕೆಳಗಿಳಿದೆ. ಹಿಂದೆ ಹೋಗಿ ನಿಂತು, ನಮ್ಮ ಲಾರಿ ಕ್ಲೀನರುಗಳು ಮಾಡುವಂತೆ ಕ್ಯಾರವಾನಿನ ಮೈಗೆ ಅಂಗೈಯಿಂದ ಬಡಿಯುತ್ತ, "ಬರ್ಲಿ, ಬರ್ಲಿ, ಸ್ವಲ್ಪ ಕಟ್ ಮಾಡು, ಬರ್ಲಿ, ಹೋಲ್ಡಾನ್" ಎಂದು ಹೊಲಕ್ಕೆಲ್ಲ ಕೇಳುವಂತೆ ಕೂಗಿದೆ. ಕುರ್ಚಿಗಳೆಲ್ಲ ಸ್ತಬ್ಧವಾದವು. ಇಮ್ತಿಯಾಜ್ ತನಗೂ ನಮಗೂ ಸಂಬಂಧವಿಲ್ಲ ಎಂಬಂತೆ ಮರಗಳನ್ನು ನೋಡುತ್ತಿದ್ದ. ನಸ್ರೀನ್ ಮಾತ್ರ ಒಂದೇ ಪಟ್ಟಿನಲ್ಲಿ ಗಾಡಿ ಕೂರಿಸಿದಳು. ಎರಡು ಸಲ ಬಡಿದು "ರೈಟ್" ಎಂದೆ.

ಇಮ್ತಿಯಾಜ್ ಸಿಗ್ನಲ್ ಹುಡುಕಿಕೊಂಡು ಸಲೀಮನಿಗೆ ಫೋನ್ ಮಾಡಲು ಗೇಟಿನ ಕಡೆ ಹೋದ. ನಸ್ರೀನ್ ಹೊಲದ ಅಂಚಿನ ಬಚ್ಚಲಿಗೆ ಸ್ನಾನಕ್ಕೆ ಹೋದಳು. ಆಗ ಪಕ್ಕದ ಕ್ಯಾರವಾನಿನ ಡೊರೀನ್ ಎಂಬ ಮುದುಕಿ ಟೀ ಹಿಡಿದು ಬಂದಳು. ಎಪ್ಪತ್ತು ದಾಟಿದವಳು, ಕಾಲಿಗೆ ರಬ್ಬರ್ ಬೂಟು. ನನ್ನನ್ನು ಲವ್ ಎಂದು ಕರೆದಳು. ಯಾರ್ಕ್‌ಶೈರಿನಲ್ಲಿ ಬಸ್ಸಿನವರೂ ಅಂಗಡಿಯವರೂ ಎಲ್ಲರನ್ನೂ ಹಾಗೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ಮೇಡಂ ಅನ್ನಿಸಿಕೊಂಡ ನನಗೆ ಆ ಕ್ಷಣ ಮುಜುಗರವಾಯಿತು.

ಅವಳು ಹವೆಯ ಬಗ್ಗೆ ಐದು ನಿಮಿಷ ಮಾತಾಡಿದಳು. ಆಮೇಲೆ, ತಾನು ತಪ್ಪು ನೋಡಿರಬಹುದು, ತನಗೆ ಕನ್ನಡಕವೂ ಸರಿಯಿಲ್ಲ, ಆದರೆ ನಿಮ್ಮ ಗಾಡಿಯ ಹಿಂಭಾಗ ತುಸು ಕೆಳಗೆ ಕೂತಂತೆ ಕಂಡಿತು ಎಂದಳು. ಇಲ್ಲಿಯವರು ನಿನ್ನ ಮನೆಗೆ ಬೆಂಕಿ ಬಿದ್ದಿದೆ ಎನ್ನುವುದನ್ನೂ ಇಷ್ಟೇ ಸುತ್ತಿ ಹೇಳುತ್ತಾರೋ ಏನೋ. ನಾನು ಕೇಳುವ ಮೊದಲೇ ತನ್ನ ಬಚ್ಚಲಿನಿಂದ ಮನುಷ್ಯರು ತೂಕ ನೋಡಿಕೊಳ್ಳುವ ತಕ್ಕಡಿ ತಂದಳು. ನಾವಿಬ್ಬರೂ ಹುಕ್ಕು ಬಿಚ್ಚಿ, ಕ್ಯಾರವಾನಿನ ಮೂತಿಯ ಕೆಳಗೆ ಮರದ ತುಂಡು ಕೊಟ್ಟು ತಕ್ಕಡಿಯ ಮೇಲೆ ಇಳಿಸಿದೆವು. ಅಷ್ಟು ದೊಡ್ಡ ಮನೆಯ ಮೂತಿ ಒಂದು ಹಸುಗೂಸಿನಷ್ಟೂ ತೂಗಲಿಲ್ಲ.

ಹಿಂದೆ ಏನಿಟ್ಟಿದ್ದೀರಿ ಲವ್, ಎಂದು ಡೊರೀನ್ ಕೇಳಿದಳು. ನಾನು ಉತ್ತರ ಕೊಡದೆ ಒಳಗೆ ಹೋಗಿ ಕಪಾಟು ತೆರೆದೆ. ಅಮ್ಮಿಯ ಕಲ್ಲು ನಾನಿಟ್ಟ ಕಡೆಯೇ ತಣ್ಣಗೆ ಕೂತಿತ್ತು.

ಬಾಗಲಕೋಟೆ ಕಡೆ ಕೆಲಸ ಮಾಡುವಾಗ ಕಬ್ಬಿನ ಟ್ರಾಲಿಗಳನ್ನು ನಿಲ್ಲಿಸಿ ನಾನು ಎಷ್ಟು ಜನರಿಗೆ ಬೈದಿದ್ದೇನೆ ಎಂಬ ಲೆಕ್ಕ ನನಗೇ ಇಲ್ಲ. ಭಾರ ಆಕ್ಸಲ್ ಮೇಲಿರಲಿ, ಒಂಚೂರು ಮುಂದಕ್ಕಿರಲಿ, ಹಿಂದೆ ಪೇರಿಸಿದರೆ ಮೂತಿ ಎದ್ದು ಬಾಲ ಬೀಸುತ್ತದೆ ಎಂದು ರಸ್ತೆಯಲ್ಲೇ ಪಾಠ ಮಾಡಿದ್ದೇನೆ. ಒಮ್ಮೆ ಹಾಗೆ ತುಂಬಿದ ಟ್ರಾಲಿಯೊಂದನ್ನು ಬಿಡು ಎಂದು ಮೇಲಿನಿಂದ ಫೋನು ಬಂದಾಗ ಬಿಡಲಿಲ್ಲ. ವರ್ಗಾವಣೆ ಬಂತು, ಹಾಸಿಗೆ ಸುತ್ತಿಕೊಂಡು ಹೋದೆ, ಬಿಡಲಿಲ್ಲ. ಅಂಥವಳು ನನ್ನ ತಂಗಿಯ ಬೆನ್ನ ಹಿಂದೆ ಕಲ್ಲು, ತಾಮ್ರ, ಅಕ್ಕಿ, ನೀರು ಪೇರಿಸಿ ಹೆದ್ದಾರಿಗೆ ಬಿಟ್ಟಿದ್ದೆ. ಅಡುಗೆ ಸಾಮಾನು ಎಂದ ಕೂಡಲೇ ಅದಕ್ಕೂ ತೂಕ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಡೊರೀನ್ ಒಂದು ಕಡೆ, ನಾನೊಂದು ಕಡೆ ಹಿಡಿದು ಕಲ್ಲನ್ನು ಎತ್ತಿ ತಂದು ಚಕ್ರದ ನೇರಕ್ಕೆ ಒಳಗಿನ ನೆಲದ ಮೇಲಿಟ್ಟೆವು. ದೇಗ್ಚಿ, ಅಕ್ಕಿ ಎಲ್ಲ ಅದರ ಮುಂದಕ್ಕೆ. ನೀರು ಚೆಲ್ಲಿದೆವು, ಹೊಲದಲ್ಲಿ ನಲ್ಲಿ ಇತ್ತಲ್ಲ. ಮತ್ತೆ ತೂಕ ನೋಡಿದರೆ ಮೂತಿ ಸರಿಯಾಗಿ ಕೂತಿತ್ತು. ಡೊರೀನ್ ಯಾರಿಗೂ ಏನೂ ಹೇಳುವವಳಲ್ಲ ಎಂಬುದು ಅವಳ ಮುಖದಲ್ಲೇ ಇತ್ತು.

ಇಮ್ತಿಯಾಜ್ ಗೇಟಿನಿಂದ ಬಂದು ಸಲೀಂ ಒಪ್ಪಿದ್ದಾನೆ ಎಂದ. ನಸ್ರೀನ್ ಒದ್ದೆ ಕೂದಲಿನಲ್ಲಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಜೀವಮಾನವೆಲ್ಲ ಪರರ ತಪ್ಪು ಬರೆದ ಕೈ ನನ್ನದು. ನನ್ನ ತಪ್ಪನ್ನು ಆ ಎಂಜಿನಿಯರನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ನಾನು ಹೇಳಿದ ಪಶ್ಚಾತ್ತಾಪ ಆ ಸಂಜೆಯದು.

ಅದೇ ಹೊಲ, ಶನಿವಾರ

ಬೆಳಿಗ್ಗೆ ಇಮ್ತಿಯಾಜ್ ಹೊಸ ಯೋಜನೆ ತಂದ. ಇಂದೇ ಸಾಲ್ಫರ್ಡಿಗೆ ಹೋಗಿಬಿಡೋಣ, ಕ್ಯಾರವಾನ್ ಕೊಟ್ಟು ನಿಶ್ಚಿಂತೆಯಾಗಿ ದಾವತ್ ಮಾಡೋಣ ಎಂದ. ನಸ್ರೀನ್ ಟ್ರಕ್ಕನ್ನು ಹುಕ್ಕಿಗೆ ಹೊಂದಿಸಲು ಮುಂದೆ ಹಿಂದೆ ಮಾಡುತ್ತಿದ್ದಳು. ಮುಂದೆ ಹೋದಾಗ ಟಕ್, ಹಿಂದೆ ಬಂದಾಗ ಟಕ್. ಕ್ಲಚ್ ಎಂದು ಇಮ್ತಿಯಾಜ್ ಶುರುಮಾಡುವಷ್ಟರಲ್ಲಿ ಅವಳು ಎಂಜಿನ್ ಆರಿಸಿ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತಳು.

ನನ್ನ ಪಿತ್ತ ನೆತ್ತಿಗೇರಿತು. ಕೀಲಿ ಕೊಡು ಎಂದೆ. ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಗೇರನ್ನು ನ್ಯೂಟ್ರಲಿಗೆ ಹಾಕಿ, ಕೀಲಿಯನ್ನು ಕಮೀಜಿನ ಜೇಬಿಗೆ ಸೇರಿಸಿ, ಡೊರೀನಳಿಂದ ಟಾರ್ಚು ತೆಗೆದುಕೊಂಡು ಗಾಡಿಯ ಕೆಳಗೆ ಸರಿದೆ. ಆಪಾ, ಬೇಡ, ಗಲೀಜಾಗುತ್ತೆ ಎಂದು ಇಮ್ತಿಯಾಜ್ ಮೇಲಿನಿಂದ ಹೇಳುತ್ತಿದ್ದ. ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು.

ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟಿಗೆ ನಡುನಡುವೆ ಮಣಿಯುವ ಕೀಲುಗಳಿರುತ್ತವೆ. ನಮ್ಮ ಮೆಕ್ಯಾನಿಕ್ಕುಗಳು ಅದರೊಳಗಿನ ಭಾಗವನ್ನು ಕ್ರಾಸ್ ಎನ್ನುತ್ತಾರೆ. ಹಿಂದಿನ ಕ್ರಾಸಿನ ಸುತ್ತ ಕುಂಕುಮ ಚೆಲ್ಲಿದಂತೆ ಕೆಂಪು ಪುಡಿ ಕೂತಿತ್ತು. ಗ್ರೀಸು ಒಣಗಿ ಒಳಗಿನ ಬೇರಿಂಗುಗಳು ತುಕ್ಕಿನ ಹಿಟ್ಟಾದಾಗ ಬರುವ ಪುಡಿ ಅದು. ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದೆ. ಟಕ್. ಇನ್ನೊಂದು ಸಲ. ಟಕ್. ಕ್ಲಚ್ಚಿಗೂ ನನ್ನ ತಂಗಿಯ ಕಾಲಿಗೂ ಈ ಸದ್ದಿಗೂ ಯಾವ ಸಂಬಂಧವೂ ಇರಲಿಲ್ಲ.

ಹೊರಗೆ ಬಂದು ಹೇಳಿದೆ. ಇಮ್ತಿಯಾಜ್ ನಂಬಲಿಲ್ಲ. ಎಂಒಟಿ ಈಗ ತಾನೇ ಆಗಿದೆ ಎಂದ. ಎಂಒಟಿ ಎಂದರೆ ನಮ್ಮ ಎಫ್‌ಸಿ, ಗಾಡಿ ಓಡಲು ಯೋಗ್ಯ ಎಂಬ ಪತ್ರ. ಸಾವಿರಾರು ಎಫ್‌ಸಿಗೆ ಸಹಿ ಹಾಕಿದವಳಿಗೆ ಎಫ್‌ಸಿ ತೋರಿಸಿ ಹೆದರಿಸಲು ಬರುತ್ತಾನೆ. ಅದು ಆ ದಿನದ ಗಾಡಿಗೆ ಕೊಟ್ಟ ಕಾಗದ, ಈ ದಿನದ ಗಾಡಿಗಲ್ಲ ಎಂದೆ. ಬಾ, ಮಲಗಿ ನೋಡು ಎಂದೆ. ಅವನು ಮಲಗಿದ, ತಿರುಚಿದ, ಎದ್ದ. ಬೆರಳಿನ ಕೆಂಪನ್ನು ಪ್ಯಾಂಟಿಗೆ ಒರೆಸಿಕೊಂಡ. ಆದರೂ ಸೋಲೊಪ್ಪಲಿಲ್ಲ. ನಿಧಾನವಾಗಿ ಹೋದರೆ ಸಾಲ್ಫರ್ಡ್ ಮುಟ್ಟುತ್ತೆ, ರಿಪೇರಿ ಅಲ್ಲಿ ಮಾಡಿಸೋಣ ಎಂದ.

ಮುಂದಿದ್ದದ್ದು ಬೋಳುಗುಡ್ಡದ ಏರು. ಹಿಂದೆ ಒಂದು ಮನೆಯ ಭಾರ. ಏರಿನಲ್ಲಿ ಕ್ರಾಸ್ ಮುರಿದು ಶಾಫ್ಟು ಕೆಳಗೆ ಬಿದ್ದ ಗಾಡಿಗಳನ್ನು ನಾನು ನೋಡಿದ್ದೇನೆ. ಅವುಗಳ ಪಂಚನಾಮೆ ಬರೆದಿದ್ದೇನೆ, ಹೊದಿಸಿದ ಬಟ್ಟೆ ಸರಿಸಿ ಮುಖ ನೋಡಿದ್ದೇನೆ.

"ಈ ಗಾಡಿ ಇಲ್ಲಿಂದ ಅಲ್ಲಾಡಲ್ಲ ಇಮ್ತಿಯಾಜ್. ಕೀಲಿ ನನ್ನ ಜೇಬಲ್ಲಿದೆ, ಬೇಕಾದ್ರೆ ತಗೋ ನೋಡೋಣ" ಎಂದೆ.

ಮೈಸೂರಿನವನು, ಹೆಂಡತಿಯ ಅಕ್ಕನ ಜೇಬಿಗೆ ಕೈ ಹಾಕುವವನಲ್ಲ. ಸುತ್ತಲಿನ ಕುರ್ಚಿಗಳು ಒಂದೊಂದಾಗಿ ಹೊರಬರುತ್ತಿದ್ದವು. ನಾನು ಟ್ರಕ್ಕಿನ ಮುಂದೆ ನಿಂತು, ಈಗಲೂ ಚೀಲದಲ್ಲಿಟ್ಟುಕೊಂಡಿರುವ ಸಣ್ಣ ನೋಟ್ ಪುಸ್ತಕ ತೆಗೆದು, ಕಚೇರಿಯಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದೆ. ಬರೆಯುತ್ತ ಗಟ್ಟಿಯಾಗಿ ಓದಿದೆ. ವಾಹನ ಸಂಚಾರಕ್ಕೆ ಅರ್ಹವಲ್ಲ. ದೋಷ ಒಂದು, ಹಿಂದಿನ ಕ್ರಾಸ್ ಸವೆದಿದೆ. ಹೊಣೆ, ವಾಹನದ ಮಾಲೀಕರು.

ನಸ್ರೀನಳ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಸಣ್ಣ ನಗು ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಗೆದ್ದಾಗಿತ್ತು, ನೋಡುವವರೂ ಇದ್ದರು. ಆದರೆ ಆ ಪುಸ್ತಕದಲ್ಲಿ ನಾನು ಯಾವತ್ತೂ ಅರ್ಧ ವರದಿ ಬರೆದವಳಲ್ಲ. ಪೆನ್ನು ಒತ್ತಿ ಹಿಡಿದೆ.

"ದೋಷ ಎರಡು. ಕ್ಯಾರವಾನಿನ ಭಾರವನ್ನೆಲ್ಲ ಹಿಂದೆ ತುಂಬಲಾಗಿತ್ತು, ನಿನ್ನೆ ಬಾಲ ಬೀಸಿದ್ದು ಅದರಿಂದ. ತುಂಬಿದವರು, ಶಮೀಮುನ್ನೀಸಾ, ನಿವೃತ್ತ ನಿರೀಕ್ಷಕಿ. ಚಾಲಕಿಯ ದೋಷ, ಇಲ್ಲ."

 ನಿನ್ನೆ ಸಂಜೆಯೇ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ. ನಸ್ರೀನಳ ನಗು ಹೋಯಿತು. ಅವಳು ಟ್ರಕ್ಕಿನಿಂದ ಇಳಿದು ನನ್ನ ಮುಂದೆ ಬಂದು ನಿಂತಳು, ಕಣ್ಣು ತುಂಬಿತ್ತು.

"ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಆಪಾ. ನನ್ನ ಕೈಯಿಂದ ಮೂರು ಜನ ಸಾಯ್ತಿದ್ರು ಅಂದ್ಕೊಂಡು ಮಲಗಿದ್ದೆ. ನೀವು ಪಕ್ಕದಲ್ಲೇ ಮಲಗಿದ್ರಿ, ಒಂದು ಮಾತು ಹೇಳ್ಲಿಲ್ಲ" ಎಂದಳು.

 ತಪ್ಪಾಯ್ತು ಎಂದೆ. ಏಳು ವರ್ಷ ಚಿಕ್ಕವಳಿಗೆ, ನಾನೇ ಎತ್ತಿ ಆಡಿಸಿದವಳಿಗೆ, ಹಾಗೆ ಹೇಳಿದ್ದು ಅದೇ ಮೊದಲು.  ಅವಳು ನನ್ನ ದುಪಟ್ಟಾದಲ್ಲಿ ಅಂಟಿದ ಹುಲ್ಲು, ಗ್ರೀಸು ತೆಗೆಯತೊಡಗಿದಳು.

ಡೊರೀನ್ ತನಗೆ ಪರಿಚಯದ ಮೆಕ್ಯಾನಿಕ್ಕನಿಗೆ ಹೇಳಿ ಕರೆಸಿದಳು. ವ್ಯಾನಿನಲ್ಲೇ ಅಂಗಡಿ ಇಟ್ಟುಕೊಂಡ, ಮಾತು ಕಡಿಮೆಯ ಮನುಷ್ಯ. ಅವನು ಕೆಳಗೆ ಮಲಗಿ ಹಳೆಯ ಕ್ರಾಸನ್ನು ಬಿಚ್ಚಿದಾಗ ಅದರ ತುದಿಯ ಒಂದು ಬಟ್ಟಲಿನಲ್ಲಿ ಬೇರಿಂಗ್ ಇರಲೇ ಇಲ್ಲ, ಬರೀ ಪುಡಿ. ಇದನ್ನು ಯಾರು ಕಂಡುಹಿಡಿದರು ಎಂದು ಕೇಳಿದ. ಇಮ್ತಿಯಾಜ್ ತಾನಾಗಿ ನನ್ನ ಕಡೆ ಕೈ ತೋರಿಸಿದ. ಮೆ‌ಕ್ಯಾನಿಕ್ ನನ್ನ ಕೈಕುಲುಕಿದ, ಇಬ್ಬರ ಕೈಯಲ್ಲೂ ಗ್ರೀಸು ಇದ್ದದ್ದರಿಂದ ಯಾರಿಗೂ ಸಂಕೋಚವಾಗಲಿಲ್ಲ. ಸಂಜೆ ಹುಲ್ಲಿನ ಮೇಲೆ ಅಮ್ಮಿಯ ಕಲ್ಲಿಟ್ಟು ಮಾರನೆಯ ದಿನದ ಮಸಾಲೆ ಅರೆದೆವು. ಸುತ್ತಲಿನ ಕುರ್ಚಿಗಳು ಆ ವಾಸನೆಗೆ ಎರಡೆರಡು ಅಡಿ ಹತ್ತಿರ ಬಂದವು.

ಗುಡ್ಡದ ಮೇಲೆ

ಭಾನುವಾರ ಮುಂಜಾನೆ ಹೊರಟೆವು. ಟಕ್ ಸದ್ದಿಲ್ಲ. ನಾನು ಮುಂದಿನ ಸೀಟಿನಲ್ಲಿ, ಇಮ್ತಿಯಾಜ್ ಹಿಂದೆ. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ, ಅವನೇ ಹೋಗಿ ಕೂತ.

ಯಾರ್ಕ್‌ಶೈರಿನಿಂದ ಆಚೆ ದಾಟುವ ಆ ಎಂ ಅರವತ್ತೆರಡು ರಸ್ತೆ ಮರವೇ ಇಲ್ಲದ ಬೋಳುಗುಡ್ಡದ ನೆತ್ತಿಯ ಮೇಲೆ ಹೋಗುತ್ತದೆ. ಕಂದು ಹುಲ್ಲು, ಕುರಿ, ಮೋಡ, ಅಷ್ಟೇ. ಗಾಳಿ ಎಂದರೆ ಚಿತ್ರದುರ್ಗದ ಕೋಟೆಯ ಮೇಲಿನ ಗಾಳಿ, ಆದರೆ ತಣ್ಣಗೆ. ಏರಿನಲ್ಲಿ ಟ್ರಕ್ಕು ಗೊಣಗದೆ ಎಳೆಯಿತು. ನೆತ್ತಿ ದಾಟಿ ಇಳಿಜಾರು ಶುರುವಾದಾಗ ಬಲಗಡೆ ಒಂದು ದೊಡ್ಡ ಲಾರಿ ಬಂತು. ನಸ್ರೀನಳ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಗಿಯಾದವು. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದೆ. ಹಿಂದಿನಿಂದಲೂ ಸದ್ದಿಲ್ಲ.

ಲಾರಿ ದಾಟಿತು. ಗಾಳಿ ಬಡಿಯಿತು. ಕ್ಯಾರವಾನ್ ಒಂದು ಸಲ ಮೈ ಕೊಡವಿ ನೇರ ನಿಂತಿತು. ನಸ್ರೀನ್ ನಿಧಾನವಾಗಿ ಉಸಿರು ಬಿಟ್ಟಳು. ಇನ್ನೊಂದು ಲಾರಿ ಬರಲಿ ಎಂದು ನನಗೆ ಅನ್ನಿಸುತ್ತಿತ್ತು, ಮತ್ತೊಮ್ಮೆ ನೋಡುವ ಆಸೆ.

ಸಾಲ್ಫರ್ಡ್

ಸಲೀಮನ ಮನೆ ಸಾಲ್ಫರ್ಡಿನ ಅಂಚಿನಲ್ಲಿ, ಇಟ್ಟಿಗೆ ಬಣ್ಣದ ಒಂದೇ ಥರದ ಮನೆಗಳ ಸಾಲಿನಲ್ಲಿತ್ತು. ಹೊಸಪೇಟೆಯವನು, ಐಟಿ ಕೆಲಸ. ದೇಗ್ಚಿ ಹಿತ್ತಿಲಿನಲ್ಲಿ ಒಲೆ ಏರಿತು. ಬಂದವರು ತೃಪ್ತಿಯಾಗಿ ಉಂಡರು, ಅಮ್ಮಿಯ ಹೆಸರು ಉಳಿಯಿತು. ಊಟವಾದ ಮೇಲೆ ಸಲೀಂ ಕೈ ಒರೆಸಿಕೊಂಡು ಕ್ಯಾರವಾನಿನ ಸುತ್ತ ಬಂದ. ಟೈರು ಒತ್ತಿ ನೋಡಿದ, ಒಳಗೆ ಹೋಗಿ ಕಪಾಟುಗಳನ್ನು ತೆರೆದು ಮುಚ್ಚಿದ. ಅವನಿಗೆ ನಿಜವಾಗಿ ಇಷ್ಟವಾಗಿತ್ತು. ನಸ್ರೀನ್ ಪಾತ್ರೆ ಒರೆಸುತ್ತ ನಿಂತಿದ್ದಳು. ಪಣ ಪಣವೇ, ಎಡವಟ್ಟು ಆಗಿತ್ತು, ತಾನು ಹೂಂ ಅಂದಿದ್ದೆ ಎಂಬುದು ಅವಳ ಮುಖದಲ್ಲಿತ್ತು. ತಾನಾಗಿ ಕೇಳಿ ಉಳಿಸಿಕೊಳ್ಳುವವಳಲ್ಲ.

ಎಂಜಿನಿಯರ್ ಸಾಹೇಬರೇ ಹೇಳಲಿ, ಏನಾದರೂ ಕಂಪ್ಲೇಂಟ್ ಇದೆಯಾ ಎಂದು ಸಲೀಂ ಇಮ್ತಿಯಾಜನನ್ನು ಕೇಳಿದ. ಇಮ್ತಿಯಾಜ್ ನೆಲ ನೋಡಿದ, ಟ್ರಕ್ಕಿನ ಕಡೆ ನೋಡಿದ.

"ಕಂಪ್ಲೇಂಟ್ ಇದ್ದಿದ್ದು ನನ್ನ ಗಾಡೀದು. ಅವಳದ್ರಲ್ಲಿ ಏನಿರ್ಲಿಲ್ಲ. ಅವಳನ್ನೇ ಕೇಳು" ಎಂದ.

ಎಲ್ಲರೂ ನಸ್ರೀನಳ ಕಡೆ ತಿರುಗಿದರು. ಅವಳು ಪಾತ್ರೆ ಕೆಳಗಿಟ್ಟು ನನ್ನ ಹತ್ತಿರ ಬಂದು ನೋಟ್ ಪುಸ್ತಕ ಕೇಳಿದಳು. ವರದಿಯ ಕೊನೆಯಲ್ಲಿ ಮರುತಪಾಸಣೆ ಎಂದು ಬರೆದು ನಾನು ಖಾಲಿ ಬಿಟ್ಟಿದ್ದೆ. ನೀವು ಅರ್ಹ ಎಂದು ಬರೆದುಕೊಡಿ ಎಂದಳು. ಅದು ಸಾಧ್ಯವಿಲ್ಲ ಎಂದೆ. ನಾನು ತುಂಬಿ ಕೆಡಿಸಿದ ಗಾಡಿಗೆ ನಾನೇ ಅರ್ಹತೆಯ ಸಹಿ ಹಾಕುವಂತಿಲ್ಲ, ಗುಡ್ಡ ದಾಟಿಸಿದವಳು ಹಾಕಲಿ. ಪೆನ್ನು ಅವಳ ಕೈಗೆ ಕೊಟ್ಟೆ.

ಅವಳು ಟ್ರಕ್ಕಿನ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟುಕೊಂಡು ಬರೆದಳು. ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ, ಶಾಲೆಯ ಮಕ್ಕಳಂತೆ ಒಂದೊಂದು ಅಕ್ಷರ ಒತ್ತಿ ಬರೆದಳು. ಸಹಿ ಮಾತ್ರ ಡಾಕ್ಟರರ ಸಹಿ, ಓದಲು ಬರುವುದಿಲ್ಲ. ಸಲೀಂ ಬಗ್ಗಿ ಗಟ್ಟಿಯಾಗಿ ಓದಿದ.

"ಗಾಡಿ ಅರ್ಹ. ಮಾರಾಟಕ್ಕಿಲ್ಲ."

ಅವನು ನಕ್ಕು ಎರಡೂ ಕೈ ಮೇಲೆತ್ತಿದ. ಹೋಗುವಾಗ ಮಸಾಲೆ ಕಲ್ಲನ್ನಾದರೂ ಬಿಟ್ಟುಹೋಗಿ ಎಂದ. ಅದನ್ನೂ ಬಿಡಲಿಲ್ಲ, ಚಕ್ರದ ನೇರಕ್ಕೆ ಇಟ್ಟುಕೊಂಡೆವು.

ಹೊರಡುವಾಗ ತೊಂದರೆ ಬಂತು. ಬೀದಿ ಇಕ್ಕಟ್ಟು, ಎರಡೂ ಕಡೆ ಕಾರುಗಳು, ಕ್ಯಾರವಾನನ್ನು ರಿವರ್ಸಿನಲ್ಲೇ ಮೂಲೆಯವರೆಗೆ ತೆಗೆಯಬೇಕು. ನಾನು ಇಳಿಯಲು ಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಇಮ್ತಿಯಾಜ್ ಇಳಿದಿದ್ದ. ಅಕ್ಕಪಕ್ಕದ ಕಿಟಕಿಗಳಲ್ಲಿ ಪರದೆ ಸರಿದವು. ಯೂನಿವರ್ಸಿಟಿಯ ಮೇಷ್ಟ್ರು ಕೋಟಿನ ತೋಳು ಮಡಿಸಿ, ಕ್ಯಾರವಾನಿನ ಹಿಂದೆ ಹೋಗಿ ನಿಂತು, ಮೊದಲು ಮೆಲ್ಲಗೆ, ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದ.

"ಬರ್ಲಿ ನಸ್ರೀನ್, ಬರ್ಲಿ, ಬರ್ಲಿ."

ಅವಳು ಒಂದೇ ಪಟ್ಟಿನಲ್ಲಿ ತೆಗೆದಳು. ಅವನು ಅಂಗೈಯಿಂದ ಕ್ಯಾರವಾನಿನ ಮೈಗೆ ಎರಡು ಸಲ ಬಡಿದು "ರೈಟ್" ಎಂದ, ಓಡಿ ಬಂದು ಹಿಂದಿನ ಸೀಟಿನಲ್ಲಿ ಕೂತ.